ಹಿಂದಿನ ಸೀಟಿನ ಪದಕ

ನೀವು ನಮ್ಮ ಕಾರವಾರದ ಕಡೆ ಎಂದಾದರೂ ಓಡಿದ್ದೀರಾ? ಬಸ್ಸು ಹಿಡಿಯಲಿಕ್ಕೋ, ನಾಯಿ ಅಟ್ಟಿಸಿಕೊಂಡು ಬಂತೆಂದೋ ಅಲ್ಲ. ಸುಮ್ಮನೆ, ಯಾವ ಕೆಲಸವೂ ಇಲ್ಲದೆ, ಬೆಳಗಿನ ಹೊತ್ತು ಚಡ್ಡಿ ಹಾಕಿಕೊಂಡು. ಓಡಿಲ್ಲವಾದರೆ ನನ್ನ ಕಷ್ಟ ನಿಮಗೆ ಪೂರ್ತಿ ತಿಳಿಯುವುದು ಅನುಮಾನ. ಆದರೂ ಹೇಳಿಬಿಡುತ್ತೇನೆ. ಇವತ್ತು ಶೂ ಒಣಗಲೆಂದು ಮಗುಚಿ ಹಾಕಿದೆ, ಒಳಗಿಂದ ಒಂದು ಮುಷ್ಟಿ ಮರಳು ಬಿತ್ತು. ಅದನ್ನು ಗುಡಿಸುತ್ತಾ ಇರುವಾಗಲೇ ಇದೆಲ್ಲ ನೆನಪಾಯಿತು.

ನನಗೆ ಐವತ್ತೊಂದು ತುಂಬಿದ ವರ್ಷ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, "ಸಕ್ಕರೆ ಬಾಗಿಲಲ್ಲಿ ಬಂದು ನಿಂತಿದೆ, ಒಳಗೆ ಮಾತ್ರ ಕರೀಬೇಡಿ" ಎಂದರು. ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ನನ್ನ ಬೆನ್ನೂ ಕುರ್ಚಿಯ ಆಕಾರಕ್ಕೆ ಬಂದಿತ್ತು. ಮಾರನೇ ದಿನವೇ ಶೂ ತಂದೆ. ಬೆಳಿಗ್ಗೆ ಆರಕ್ಕೆ ಹಬ್ಬುವಾಡದ ನಮ್ಮ ಓಣಿಯಲ್ಲಿ ಓಟ ಶುರು ಮಾಡಿದೆ. ನಾಲ್ಕನೇ ಮನೆ ದಾಟುವಷ್ಟರಲ್ಲಿ ಹಾಲು ಹಾಕುವವ ಸೈಕಲ್ ನಿಲ್ಲಿಸಿ, "ಯಾರಿಗೆ ಏನಾಯ್ತು?" ಎಂದು ಕೇಳಿದ. ಯಾರಿಗೂ ಏನೂ ಆಗಿಲ್ಲ ಮಾರಾಯಾ ಎಂದೆ. ಅವನು ನಂಬಲಿಲ್ಲ. ನಾನು ಕಡಲತೀರ ಮುಟ್ಟಿ ತಿರುಗಿ ಬರುವಷ್ಟರಲ್ಲಿ ನಮ್ಮ ಮನೆ ಎದುರು ಆರು ಜನ ನಿಂತಿದ್ದರು. ನನ್ನ ಹೆಂಡತಿ ವಸುಧಾ ನಡುವೆ ನಿಂತು, "ಇಲ್ರೀ, ಅವ್ರಿಗೇ ಏನೋ ಆಗಿದ್ದು, ಬೇರೆ ಯಾರಿಗೂ ಅಲ್ಲ" ಎಂದು ಸಮಾಧಾನ ಮಾಡುತ್ತಿದ್ದಳು.

ಜನರ ತಪ್ಪೂ ಇಲ್ಲ ಬಿಡಿ. ನಮ್ಮ ಕಡೆ ವಯಸ್ಸಿಗೆ ಬಂದವರು ಓಡುವುದು ಎರಡೇ ಕಾರಣಕ್ಕೆ. ಒಂದು, ಗದ್ದೆಗೆ ದನ ನುಗ್ಗಿರಬೇಕು. ಎರಡು, ಯಾರೋ ಹೋಗಿರಬೇಕು. ಫೋನಿಲ್ಲದ ಕಾಲದಲ್ಲಿ ಸಾವಿನ ಸುದ್ದಿಯನ್ನು ಊರಿಂದೂರಿಗೆ ಹೊತ್ತು ಹೋಗುವವನೊಬ್ಬ ಇರುತ್ತಿದ್ದ. ಅವನು ಓಣಿಯಲ್ಲಿ ಕಾಲು ಬೀಸಿದ್ದು ಕಂಡರೆ ಸಾಕು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬರುತ್ತಿದ್ದರು. ಆ ಹೆದರಿಕೆ ಇನ್ನೂ ನಮ್ಮ ಜನರ ರಕ್ತದಲ್ಲಿದೆ.

ಹಿಂದೊಮ್ಮೆ ಗ್ರೀಕರ ದೇಶದಲ್ಲಿ ಒಬ್ಬ ಯುದ್ಧ ಗೆದ್ದ ಸುದ್ದಿ ಹೊತ್ತು ಮೈಲುಗಟ್ಟಲೆ ಓಡಿ ಬಂದನಂತೆ. "ಗೆದ್ದೆವು" ಎಂದವನೇ ಬಿದ್ದು ಪ್ರಾಣ ಬಿಟ್ಟನಂತೆ. ಈಗ ಜಗತ್ತೆಲ್ಲ ಓಡುವ ಉದ್ದದ ಓಟ ಹುಟ್ಟಿದ್ದು ಅಲ್ಲಿಂದ. ಆ ಪುಣ್ಯಾತ್ಮ ಅಂಕೋಲೆಯವನಾಗಿದ್ದರೆ ಸಾಯುತ್ತಲೇ ಇರಲಿಲ್ಲ. ಮೊದಲ ಮೈಲಿಗೇ ಯಾರಾದರೂ ತಡೆದು ಕೂರಿಸಿ, ನೀರುಬೆಲ್ಲ ಕೊಟ್ಟು, ಯಾರ ಮಗ, ತಾಯಿಯ ತವರು ಎಲ್ಲಿ ಎಂದೆಲ್ಲ ಕೇಳಿ, ಎತ್ತಿನಗಾಡಿ ಹತ್ತಿಸಿ ಕಳಿಸುತ್ತಿದ್ದರು. ಸುದ್ದಿ ಎರಡು ದಿನ ತಡವಾಗಿ ಮುಟ್ಟುತ್ತಿತ್ತು, ಅಷ್ಟೆ.

ಓಟ ಹಚ್ಚಿಕೊಂಡವರಿಗೆ ಇನ್ನೊಂದು ರೋಗವೂ ಬರುತ್ತದೆ: ದೊಡ್ಡ ಓಟಗಾರರ ಬಗ್ಗೆ ಓದುವುದು, ವಿಡಿಯೋ ನೋಡುವುದು. ಬರಿಗಾಲಲ್ಲಿ ಓಡಿ ಜಗತ್ತು ಗೆದ್ದವರ ಕಥೆ ಓದಿ ನಾನೂ ಒಂದು ದಿನ ಶೂ ಬಿಚ್ಚಿಟ್ಟು ಮರಳಿನಲ್ಲಿ ಓಡಿದೆ. ಒಡೆದ ಚಿಪ್ಪೊಂದು ಅಂಗಾಲಿಗೆ ಹೊಕ್ಕಿತು, ವಾರವಿಡೀ ಕಚೇರಿಗೆ ಕುಂಟುತ್ತಾ ಹೋದೆ. ನೂರು ಮೀಟರಿನ ವೀರರನ್ನಂತೂ ನೋಡಲೇಬಾರದು. ನಾನು ಲೇಸು ಕಟ್ಟಲು ಬಗ್ಗಿ ಏಳುವುದರೊಳಗೆ ಅವರು ಓಡಿ, ಗೆದ್ದು, ಧ್ವಜ ಹೊದ್ದು, ಜಾಹೀರಾತಿನಲ್ಲಿ ತಂಪು ಪಾನೀಯ ಕುಡಿಯುತ್ತಿರುತ್ತಾರೆ.

ನನ್ನನ್ನು ಹಾಳು ಮಾಡಿದ್ದು ಮಾತ್ರ ಅವರಲ್ಲ, ಸಿನಿಮಾ. ನಾನು ಹುಟ್ಟಿದ್ದು ಅಂಕೋಲೆಯ ಹತ್ತಿರದ ಶೆಟಗೇರಿಯಲ್ಲಿ. ಸಣ್ಣವನಿದ್ದಾಗ ಟೆಂಟ್ ಸಿನಿಮಾ ಬಂತೆಂದರೆ ನಾವೆಲ್ಲ ಪರದೆಯ ಬುಡದಲ್ಲೇ, ಮರಳಿನ ಮೇಲೆ. ಸಿನಿಮಾದಲ್ಲಿ ಯಾರು ಓಡಲಿ, ಮುಖ್ಯವಾದ ಓಟ ಯಾವಾಗಲೂ ನಿಧಾನ. ನಾಯಕ ಕಡಲತೀರದಲ್ಲಿ ನಾಯಕಿಯತ್ತ ನಿಧಾನ ಓಡಿದ, ಸಿಕ್ಕಳು. ಕೈಕಟ್ಟು ಬಿಚ್ಚಿಕೊಂಡು ತಾಯಿಯತ್ತ ನಿಧಾನ ಓಡಿದ, ಅವಳೂ ಬದುಕಿದಳು. ಖಳನಾಯಕ ಮಾತ್ರ ಸರಸರ ಓಡಿ ಸಿಕ್ಕಿಬೀಳುತ್ತಿದ್ದ. ಇದರಿಂದ ನಾನು ಒಂದು ಸಿದ್ಧಾಂತಕ್ಕೆ ಬಂದೆ. ಆರನೇ ಇಯತ್ತೆಯಲ್ಲಿ ಶೆಟಗೇರಿ ಶಾಲೆಯ ಕ್ರೀಡಾಕೂಟದ ದಿನ, ನೂರು ಮೀಟರ್ ಓಟದಲ್ಲಿ, ಕೊನೆಯ ಮೂವತ್ತು ಮೀಟರು ನಾನು ನಿಧಾನ ಓಡಿದೆ. ಮೊಣಕಾಲು ಎದೆಯವರೆಗೆ ಎತ್ತಿ, ತಲೆ ಆಚೀಚೆ ಆಡಿಸಿ, ಬಾಯಿ ಅರ್ಧ ತೆರೆದು. ಎರಡನೆಯವನಾಗಿದ್ದವ ಏಳನೆಯವನಾದೆ. ಓಡಿದ್ದೇ ಏಳು ಜನ. ಮಾಸ್ತರರು ಬೆತ್ತ ಹಿಡಿದು ಬಂದಾಗ ಮಾತ್ರ ನಿಜವಾದ ವೇಗದಲ್ಲಿ ಓಡಿದೆ. ಆ ಓಟಕ್ಕೆ ಬಹುಮಾನ ಇರಲಿಲ್ಲ.

ಅಂದಿನಿಂದ ಒಂದು ಪದಕದ ಆಸೆ ನನ್ನೊಳಗೆ ಕೂತುಬಿಟ್ಟಿತ್ತು. ಐವತ್ತೊಂದರ ಮನುಷ್ಯ ಹೀಗೆ ಹೇಳಬಾರದು, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ?

ಹೋದ ಚಳಿಗಾಲದಲ್ಲಿ ಕಾರವಾರದಲ್ಲಿ ಹತ್ತು ಕಿಲೋಮೀಟರ್ ಓಟ ಇಟ್ಟರು. ಓಡಿ ಮುಗಿಸಿದವರಿಗೆಲ್ಲ ಪದಕ. ಹೆಸರು ಕೊಟ್ಟೆ. ಆ ದಿನ ಆರು ಕಿಲೋಮೀಟರಿನವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಮುಂದಿದ್ದವರು ಕಾಣದಷ್ಟು ಮುಂದೆ ಹೋದರು, ಹಿಂದೆ ಯಾರೂ ಇರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಕುಂಟುತ್ತಾ ಇರುವಾಗ ಪರಿಚಯದ ಹಾರ್ನ್ ಕೇಳಿತು.

ಪುಂಡಲೀಕ ಮಾಮ. ನಮ್ಮ ಪಕ್ಕದ ಮನೆಯವರು, ಎಪ್ಪತ್ತರ ಹತ್ತಿರ ಹತ್ತಿರ. ಮನೆಮಾತು ಕೊಂಕಣಿ, ಮನಸ್ಸು ಬೆಣ್ಣೆ. ಜೀವಮಾನವಿಡೀ ಅಂಚೆ ಹಂಚಿದವರು; ಯಾವುದನ್ನೂ ಅರ್ಧ ದಾರಿಯಲ್ಲಿ ಬಿಟ್ಟು ಹೋಗುವ ಅಭ್ಯಾಸ ಅವರಿಗಿಲ್ಲ. ತಮ್ಮ ಹಳೇ ಗೇರ್ ಸ್ಕೂಟರಿನಲ್ಲಿ ಮೀನುಪೇಟೆಯಿಂದ ಬರುತ್ತಿದ್ದರು.

"ಅರೇ ದೇವಾ! ನಾಗೇಶಾ, ಯಂತಾ ಅವಸ್ಥೆ ಇದು? ಕೂತ್ಕೋ ಕೂತ್ಕೋ."

"ಬೇಡ ಮಾಮ, ಓಟ ನಡೀತಾ ಇದೆ."

"ನಡೀಲಿ. ಯಾರು ಬೇಡ ಅಂದ್ರು? ಅಲ್ಲಿವರೆಗೆ ಹೋಗೂದು ತಾನೆ? ನಾನೂ ಅದೇ ದಾರಿ."

ನಮ್ಮ ಕಡೆ ಲಿಫ್ಟ್ ಬೇಡವೆನ್ನುವುದು ಬಡಿಸಿದ ಎಲೆಯಿಂದ ಎದ್ದುಹೋದಂತೆ. ಕೊಟ್ಟವರು ಆರು ತಿಂಗಳು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಒಮ್ಮೆ ಬೇಡ ಎನ್ನಬಹುದು, ಎರಡನೇ ಸಲ ಎಂದರೆ ಸಿಟ್ಟಿದೆ ಎಂದರ್ಥ. ಇದೆಲ್ಲ ನಿಜವೇ. ಆದರೆ ಅದಕ್ಕಿಂತ ದೊಡ್ಡ ನಿಜವೆಂದರೆ, ನನ್ನ ಬಾಯಿ ಎರಡನೇ ಸಲ ಬೇಡ ಎನ್ನುವ ಮೊದಲೇ ನನ್ನ ಕಾಲು ಸ್ಕೂಟರ್ ಹತ್ತಿಯಾಗಿತ್ತು. ಮಾಮ ಬಂಗಡೆ ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟರು. ಅದು ತೊಡೆಯ ಮೇಲೆ ತೊಟ್ಟಿಕ್ಕುತ್ತಾ ಕೂತಿತು.

ಕಡಲತೀರದ ಗಾಳಿಮರಗಳ ಹತ್ತಿರ ಇಳಿಸಿರೆಂದು ಬೇಡಿಕೊಂಡೆ. ಅಲ್ಲಿಂದ ಕೊನೆಯ ಇನ್ನೂರು ಮೀಟರು ಓಡಿದೆ. ಹೇಗೆ ಓಡಿದೆ ಅನ್ನುತ್ತೀರಿ! ಸುತ್ತಲಿದ್ದವರು ಬಾಯಿಬಾಯಿ ಬಿಡುತ್ತಿದ್ದರೆ ನಾನು ಆಗಷ್ಟೇ ಸ್ನಾನ ಮಾಡಿ ಬಂದವನ ಹಾಗೆ ನಗುತ್ತಾ ಗೆರೆ ದಾಟಿದೆ. ಫೋಟೋ ತೆಗೆಯುವವ ನನ್ನದೇ ನಾಲ್ಕು ಫೋಟೋ ತೆಗೆದ. ಪದಕ ಹಾಕುವ ಹುಡುಗಿ ಹತ್ತಿರ ಬಂದು ಮೂಗು ಸ್ವಲ್ಪ ಸೊಟ್ಟ ಮಾಡಿದಳು. ಎಲ್ಲಿಂದಲೋ ಬಂದ ಬೆಕ್ಕೊಂದು ಮನೆಯ ಅರ್ಧ ದಾರಿಯವರೆಗೆ ನನ್ನ ಹಿಂದೆಯೇ ಬಂತು.

ಯಾರಿಗೂ ಹೇಳಲಿಲ್ಲ. ಮಾಮನ ಬಾಯಿಯ ಹೆದರಿಕೆ ಮಾತ್ರ ಇತ್ತು. ಅವರು ಓಣಿಯಲ್ಲಿ ಯಾರ ಜೊತೆ ಮಾತಾಡುತ್ತ ನಿಂತರೂ ನಾನು ಕಿಟಕಿಗೆ ಹೋಗಿ ಕಿವಿಗೊಡುತ್ತಿದ್ದೆ. ಆದರೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ಗುಟ್ಟು ಕಾಯುತ್ತಿದ್ದಾರೆ ಎಂದುಕೊಂಡಿರಾ? ಅಲ್ಲವೇ ಅಲ್ಲ. ಒಬ್ಬರಿಗೆ ಲಿಫ್ಟ್ ಕೊಟ್ಟದ್ದನ್ನು ಹೇಳಿಕೊಂಡು ತಿರುಗುವುದು ಮರ್ಯಾದಸ್ಥರ ಲಕ್ಷಣವಲ್ಲ, ಅದಕ್ಕೆ.

ನಮ್ಮಲ್ಲಿಗೆ ಬಂದಿದ್ದ ನನ್ನ ತಾಯಿ, ಆಯಿ, ಪದಕವನ್ನು ಶೆಟಗೇರಿಗೆ ಒಯ್ದಳು. ಆಯಿ ಅಲ್ಲಿ ಅಣ್ಣನ ಮನೆಯಲ್ಲಿ ಇರುವುದು. ಎಂಬತ್ತಾದರೂ ಆ ಮನೆಯ ಹಿತ್ತಿಲು, ಕೊಟ್ಟಿಗೆ, ಅಣ್ಣ ಎಲ್ಲ ಅವಳ ಹಿಡಿತದಲ್ಲೇ. ತಿಂಗಳ ಮೇಲೆ ಹೋಗಿ ನೋಡುತ್ತೇನೆ, ಪದಕ ದೇವರ ಕೋಣೆಯಲ್ಲಿ! ಪಟಗಳ ಸಾಲಿನಲ್ಲಿ ಒಂದು ಮೊಳೆಗೆ ತೂಗುಬಿಟ್ಟು ಕುಂಕುಮ ಹಚ್ಚಿದ್ದಳು. ರಿಬ್ಬನ್ನಿನ ಕಡುನೀಲಿ ಮಾಸಿ ಆಕಾಶದ ಬಣ್ಣಕ್ಕೆ ಬಂದಿತ್ತು. ಪಂಚಾಮೃತ ಗಿಂಚಾಮೃತ ಹಾಕಿರಬೇಕು ಎಂದುಕೊಂಡೆ. ದೇವರಿಗೆ ಕೈಮುಗಿಯಲು ಹೋದರೆ ಆ ಪದಕವೇ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ಮುಚ್ಚಿ ಮುಗಿದೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಅರಗಿಸಿಕೊಳ್ಳುತ್ತಿದ್ದೆ. ಒಂದು ದಿನ ಶೆಟಗೇರಿ ಶಾಲೆಯ ಹೆಡ್ ಅಕ್ಕೋರ ಫೋನು ಬಂತು. "ನಮ್ಮ ಕ್ರೀಡಾಕೂಟಕ್ಕೆ ನೀವೇ ಮುಖ್ಯ ಅತಿಥಿ. ನಿಮ್ಮ ಆಯಿ ಕೈಯಲ್ಲೇ ಮಕ್ಕಳ ಎದುರು ನಿಮಗೆ ಆ ಪದಕ ಹಾಕಿಸೂದು. ಮಕ್ಕಳಿಗೆ ಸ್ಫೂರ್ತಿ ಆಗ್ತದೆ. ಶನಿವಾರ ಒಂಬತ್ತಕ್ಕೆ ಸರಿಯಾಗಿ ಬನ್ನಿ."

ನಾನು ಏಳನೆಯವನಾದ ಅದೇ ಬಯಲು. ಅದೇ ಬಯಲಿನಲ್ಲಿ, ಮಕ್ಕಳ ಕಣ್ಣೆದುರು, ಆಯಿಯ ಕೈಯಿಂದ, ಬಂಗಡೆ ಚೀಲ ಹೊತ್ತು ಸಂಪಾದಿಸಿದ ಪದಕ! ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗುವುದಿಲ್ಲ ಎಂದುಬಿಡಬಹುದಿತ್ತು, ಆಯಿ ಆಗಲೇ ಊರಿಗೆಲ್ಲ ಹೇಳಿ ಮುಗಿಸಿದ್ದಳು. ಕೊನೆಗೆ ಒಂದೇ ದಾರಿ ಕಂಡಿತು. ಶನಿವಾರ ಪದಕ ಕೊರಳಿಗೆ ಬೀಳುವುದರೊಳಗೆ ಹತ್ತು ಕಿಲೋಮೀಟರು ಪೂರ್ತಿ, ನನ್ನ ಕಾಲಲ್ಲೇ ಓಡುವುದು. ಓಡಿ ಮುಗಿಸಿದರೆ ಪದಕ ನನ್ನದು. ಇಲ್ಲವಾದರೆ ಮೈಕಿನಲ್ಲಿ ಎಲ್ಲ ಹೇಳಿ ಕೆಳಗಿಳಿಯುವುದು.

ವಸುಧಾಳ ತವರು ಬೆಳಂಬಾರ. ಅಲ್ಲಿಂದ ಶೆಟಗೇರಿ ಶಾಲೆಗೆ ಸುತ್ತುಬಳಸಿ ಹತ್ತು ಕಿಲೋಮೀಟರ್ ಆಗುವ ದಾರಿಯೊಂದನ್ನು ಫೋನಿನಲ್ಲಿ ಅಳೆದುಕೊಂಡೆ. ತೊಂದರೆ ಇದ್ದದ್ದು ದೂರದ್ದಲ್ಲ, ಜನರದ್ದು. ಆ ದಾರಿಯ ತುಂಬ ನನ್ನ ನೆಂಟರು, ವಸುಧಾಳ ನೆಂಟರು, ನೆಂಟರ ನೆಂಟರು. ಪ್ರತಿಯೊಬ್ಬರ ಹತ್ತಿರ ಒಂದು ಬೈಕು, ಪ್ರತಿ ಮನೆಯಲ್ಲಿ ಒಂದು ಚಾ. ಅವರನ್ನೆಲ್ಲ ತಡೆಯಲು ಒಬ್ಬರು ಬೇಕು. ಪುಂಡಲೀಕ ಮಾಮನ ಹತ್ತಿರ ಹೋದೆ.

"ಮಾಮ, ನೀವು ಮುಂದೆ ಮುಂದೆ ಸ್ಕೂಟರಿನಲ್ಲಿ ಹೋಗ್ಬೇಕು. ಯಾರೂ ನನ್ನ ಹತ್ತಿಸಿಕೊಳ್ಳಬಾರದು."

"ಯಾಕೆ? ಹೋದ್ಸಲ ನಾ ಕೂರಿಸ್ಕೊಂಡು ಹೋಗಿದ್ನಲ್ಲ..." ಎಂದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. "ಅಂದ್ರೆ ಹಂಗೆ ಕೂರೂ ಹಂಗೆ ಇರ್ಲಿಲ್ವಾ?"

"ಇರ್ಲಿಲ್ಲ ಮಾಮ" ಎಂದೆ.

"ಅರೇ ರಾಮಾ," ಎಂದು ಜಗಲಿಯ ಮೇಲೆ ಕೂತುಬಿಟ್ಟರು. "ನಾ ಸಹಾಯ ಮಾಡ್ದೆ ಅಂದ್ಕೊಂಡಿದ್ದೆ. ನಿನ್ನ ಮೆಡಲ್ಲೇ ಹಾಳ್ ಮಾಡಿಟ್ನಲ್ಲೋ!"

"ನಿಮ್ದಲ್ಲ ಮಾಮ, ಕೂತವ ನಾನು" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಷ್ಟು ಸಣ್ಣಗಾದ ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಎದ್ದು, ಸ್ಕೂಟರಿನ ಮೇಲಿನ ಧೂಳು ಒರೆಸತೊಡಗಿದರು. "ಶನಿವಾರ ಯಾವನ್ ಬರ್ತಾನೆ ನೋಡ್ತೆ" ಎಂದರು.

ಶನಿವಾರ ಏಳೂವರೆಗೆ ಬೆಳಂಬಾರ ಬಿಟ್ಟೆವು. ಮಾಮ ಮುಂದೆ, ನಾನು ಹಿಂದೆ. ಅವರ ಕಾರ್ಯದಕ್ಷತೆ ನೋಡಬೇಕಿತ್ತು ನೀವು. ಯಾರಾದರೂ ಗೇಟಿಗೆ ಬಂದರೆ ಸಾಕು, "ಯಾರೂ ಸತ್ತಿಲ್ಲ! ಸುಮ್ನೆ ಓಡೂದು! ಸುಮ್ನೆ!" ಎಂದು ಕೂಗುತ್ತಿದ್ದರು. ಅದನ್ನು ಕೇಳಿ, ಅಲ್ಲಿಯವರೆಗೆ ಏನೂ ಅಂದುಕೊಳ್ಳದೆ ಇದ್ದವರೂ ಗಾಬರಿಯಾಗಿ ಹೊರಗೆ ಬರುತ್ತಿದ್ದರು. ಟೆಂಪೋದವನೊಬ್ಬ ಬಾಗಿಲು ತೆರೆದು, "ಹಿಂದೆ ಜಾಗ ಇದೆ, ಬನ್ನಿ" ಎಂದ. ಮಾಮ ಸ್ಕೂಟರನ್ನು ಅಡ್ಡ ನಿಲ್ಲಿಸಿ, "ಮುಟ್ಟಿದ್ರೆ ನೋಡು!" ಎಂದರು. ವಸುಧಾಳ ಚಿಕ್ಕಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ದಾರಿಯಲ್ಲೇ ನಿಂತಿದ್ದಳು. "ಅಳಿಯಂದಿರು ಬಾಗಿಲ ಮುಂದೆ ಓಡಿ ಹೋದ್ರೆ ಊರವ್ರು ಯಂತಾ ಅಂದ್ಕೊಳ್ಳೂದಿಲ್ಲ? ಒಂದ್ ಗಳಿಗೆ ಕೂತು ಹೋಗಿ." ನಾನು ಓಡುತ್ತಲೇ ಕೈಮುಗಿದೆ. ಆ ಮಜ್ಜಿಗೆಯನ್ನು ಮಾಮ ಕುಡಿದು ಮರ್ಯಾದೆ ಉಳಿಸಿದರು.

ಆರು ಕಿಲೋಮೀಟರು ದಾಟಿತು. ಮೀನಖಂಡ ಈ ಸಲವೂ ಗುರುಗುಟ್ಟಿತು. ಸ್ವಲ್ಪ ನಿಧಾನಿಸಿದೆ, ನಿಲ್ಲಲಿಲ್ಲ. ಏಳು ದಾಟಿತು. ಎಂಟಾಯಿತು. ಹೊತ್ತು ಎಂಟೂ ನಲವತ್ತು. ಇನ್ನೇನು, ಗೆದ್ದೆ ಎಂದುಕೊಳ್ಳುವಾಗ ಮುಂದಿನಿಂದ ಒಂದು ಕೆಮ್ಮು ಕೇಳಿತು. ಕೆಮ್ಮಿದ್ದು ಮಾಮ ಅಲ್ಲ, ಸ್ಕೂಟರು. ಮನುಷ್ಯ ಓಡುವ ವೇಗದಲ್ಲಿ, ಅದೂ ನನ್ನಂಥವ ಓಡುವ ವೇಗದಲ್ಲಿ, ಒಂದನೇ ಗೇರಿನಲ್ಲೇ ಎಳೆದದ್ದಕ್ಕೆ ಇಂಜಿನ್ ಕಾದು ಕೆಂಡವಾಗಿತ್ತು. ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

"ನೀ ಓಡು, ನಿಲ್ಲಬೇಡ!" ಎಂದರು ಮಾಮ.

ಹತ್ತು ಹೆಜ್ಜೆ ಮುಂದೆ ಹೋದೆ ಕೂಡ. ತಿರುಗಿ ನೋಡಿದೆ. ಮೊಣಕಾಲು ನೋವಿನ ಮನುಷ್ಯ, ಬಿಸಿಲಿನಲ್ಲಿ, ಸತ್ತ ಸ್ಕೂಟರ್ ಹಿಡಿದು ನಿಂತಿದ್ದರು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದವರನ್ನೆಲ್ಲ ಅವರೇ ಓಡಿಸಿದ್ದರು. ಅಷ್ಟರಲ್ಲಿ ಒಂದು ಬೈಕು ಬಂತು. ಬೈಕಿನವ ಕರೆದರೆ ಮಾಮ, "ಬೇಡ. ಇವತ್ತು ನಾನೂ ಯಾರ ಗಾಡಿನೂ ಹತ್ತೂದಿಲ್ಲ" ಎಂದು ಗಟ್ಟಿಯಾಗಿ ಹೇಳಿ ಕಳಿಸಿಬಿಟ್ಟರು. ಇಂಥ ಹಟಮಾರಿಯನ್ನು ಬಿಟ್ಟು ಹೋಗುವುದು ಹೇಗೆ ಹೇಳಿ? ಜಗತ್ತಿನ ಯಾವ ದೊಡ್ಡ ಓಟಗಾರನಿಗೂ ಇಂಥ ಪರೀಕ್ಷೆ ಬಂದಿರಲಿಕ್ಕಿಲ್ಲ.

ಹಿಂದೆ ಓಡಿದೆ. "ಮಾಮ, ಕೂತ್ಕೊಳ್ಳಿ" ಎಂದೆ.

"ಯಾಕೆ?"

"ಕೂತ್ಕೊಳ್ಳಿ ಮಾಮ. ಒಂದ್ಸಲ ಬೇಡ ಅನ್ಬಹುದು, ಎರಡ್ನೇ ಸಲ ಅಂದ್ರೆ ಸಿಟ್ಟು ಅಂತ ಲೆಕ್ಕ."

ಅವರು ಕೂತು ಹ್ಯಾಂಡಲ್ ಹಿಡಿದರು. ಹೋದ ಸಲ ನಾನು ಕೂತಿದ್ದ ಹಿಂದಿನ ಸೀಟಿಗೆ ಎರಡೂ ಕೈ ಕೊಟ್ಟು ದೂಡತೊಡಗಿದೆ. ದೂಡುತ್ತಾ ಓಡಿದೆ. ಏರು ಬಂದಾಗ ಕಣ್ಣು ಕತ್ತಲೆ ಬಂತು. ಇಳುಕಲು ಬಂದಾಗ ಸ್ಕೂಟರೇ ನನ್ನನ್ನು ಎಳೆದುಕೊಂಡು ಹೋಯಿತು. ಮಾಮ ಸುಮ್ಮನಿರದೆ ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತಿದ್ದರು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು, ಓಡುತ್ತಿರುವವ ಯಾರು, ಸವಾರ ಯಾರು ಎಂದು ನೋಡಿದರು. ಯಾರೂ ಏನೂ ಕೇಳಲಿಲ್ಲ. ಗಾಡಿ ದೂಡುತ್ತಾ ಓಡುವವನಿಗೆ ಒಂದು ಕಾರಣ ಇದ್ದೇ ಇರುತ್ತದೆ ಎಂದು ನಮ್ಮ ಜನರಿಗೆ ಗೊತ್ತು.

ಒಂಬತ್ತು ಹೊಡೆದು ಐದು ನಿಮಿಷಕ್ಕೆ ಶಾಲೆಯ ಗೇಟು ಮುಟ್ಟಿದೆವು. ಮೈಕಿನಲ್ಲಿ ಅಕ್ಕೋರು, "ಮುಖ್ಯ ಅತಿಥಿಗಳು ಈಗ... ಸ್ಕೂಟರ್... ದೂಡಿಕೊಂಡು ಬರ್ತಾ ಇದ್ದಾರೆ" ಎಂದರು. ಮಕ್ಕಳು ಇದೂ ಒಂದು ಸ್ಪರ್ಧೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಫೋನು ನೋಡಿದೆ. ಒಂಬತ್ತು ಕಿಲೋಮೀಟರ್, ಎಂಟುನೂರು ಮೀಟರು. ಇನ್ನೂ ಇನ್ನೂರು ಬಾಕಿ! ಮಾಮನನ್ನು ಸ್ಕೂಟರಿನ ಸಮೇತ ಗೇಟಿನಲ್ಲಿ ಬಿಟ್ಟೆ. ಅಕ್ಕೋರು ಹೂಗುಚ್ಛ ಹಿಡಿದು ಎದುರಿಗೆ ಬಂದರು; ಅವರನ್ನು ದಾಟಿ ಬಯಲಿಗೆ ಸುತ್ತು ಹೊಡೆಯಲು ಹೋದೆ. ಮಕ್ಕಳು ಹೋ ಎಂದು ಹಿಂದೆ ಬಂದರು.

ಆ ಸುತ್ತಿನ ಕೊನೆಯ ಮೂವತ್ತು ಮೀಟರನ್ನು ನಾನು ಹೇಗೆ ಓಡಿದೆನೆಂದು ನಿಮಗೆ ಹೇಳಬೇಕಾಗಿಲ್ಲ. ಮೊಣಕಾಲು ಮೇಲೇಳುತ್ತಿದೆ, ತಲೆ ಆಚೀಚೆ ಆಡುತ್ತಿದೆ, ಬಾಯಿ ಅರ್ಧ ತೆರೆದಿದೆ, ಆದರೆ ನೆಲ ಮಾತ್ರ ಹಿಂದೆ ಸರಿಯುತ್ತಿಲ್ಲ. ಆರನೇ ಇಯತ್ತೆಯಲ್ಲಿ ಬೇಕೆಂದೇ ಮಾಡಿದ್ದನ್ನು ಈಗ ಬೇರೆ ದಾರಿಯಿಲ್ಲದೆ ಮಾಡುತ್ತಿದ್ದೆ. ಹಿಂದಿದ್ದ ಮಕ್ಕಳೆಲ್ಲ ನನ್ನನ್ನು ದಾಟಿಕೊಂಡು ಮುಂದೆ ಹೋದರು. ಫೋನು ಟಿಣ್ ಎಂದಿತು. ಹತ್ತು.

ವೇದಿಕೆಯ ಮುಂದೆ ಆಯಿ ನಿಂತಿದ್ದಳು, ಕೈಯಲ್ಲಿ ಪದಕ. ನನಗೆ ಉಸಿರು ಸಿಗುತ್ತಿರಲಿಲ್ಲ. ಆದರೆ ಅವಳ ಕೈ ಮೇಲೇಳುವ ಮೊದಲೇ ಹೇಳಬೇಕಿತ್ತು.

"ಆಯಿ, ತಡಿ. ಅವತ್ತು ಕಾರವಾರದಲ್ಲಿ... ನಾ ಪೂರಾ ಓಡ್ಲಿಲ್ಲ. ಅರ್ಧ ದಾರಿ ಮಾಮನ ಸ್ಕೂಟರಲ್ಲಿ ಬಂದಿದ್ದೆ. ಇವತ್ತು ಓಡ್ದೆ. ದೇವ್ರಾಣೆ, ಪೂರಾ ಓಡ್ದೆ."

"ಗೊತ್ತದೆ" ಎಂದಳು ಆಯಿ.

"ಗೊತ್ತದೆ? ಯಾರ್ ಹೇಳಿದ್ರು?"

"ಹೇಳೂದೆಂತಾ? ಮೆಡಲ್ ಬಂಗಡೆ ನಾರ್ತಿತ್ತು. ಓಡೂಕೆ ಹೋದವ ಮೀನ್ ಚೀಲ ಎಂತಕೆ ಹಿಡೀತ? ಹುಣಸೆಹಣ್ಣು ಹಚ್ಚಿ ತಿಕ್ದೆ, ಪಟ್ಟಿ ಮೂರ್ಸಲ ಸಾಬೂನು ಹಾಕಿ ತೊಳ್ದೆ, ಬಣ್ಣನೇ ಹೋಯ್ತು, ವಾಸನೆ ಹೋಗ್ಲಿಲ್ಲ. ಕಡೀಗೆ ದೇವ್ರ ಹತ್ರ ಕಟ್ಟಿ, ಇದರ ವಾಸನೆ ನೀನೇ ತೆಗಿ ಮಾರಾಯಾ ಅಂದೆ."

ಅವಳು ಹತ್ತಿರ ಬಂದು, ಸಣ್ಣವನಿದ್ದಾಗ ಬೀಡಿ ಸೇದಿದ್ದೇನೋ ಎಂದು ನೋಡುತ್ತಿದ್ದಳಲ್ಲ, ಹಾಗೆ ನನ್ನ ಕುತ್ತಿಗೆಯ ಬಳಿ ಮೂಗು ತಂದು ಮೂಸಿದಳು.

"ಹೂಂ. ಇವತ್ತು ಬರೀ ಬೆವರು" ಎಂದು ಪದಕ ಕೊರಳಿಗೆ ಹಾಕಿದಳು.